ತೂತಿಲ್ಲದ ಫೋನು, ಸುಣ್ಣದ ಡಬ್ಬಿ

ಫೋನಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯವಿರಲಿಲ್ಲ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳಾದರೂ ಆರು ವರ್ಷ ಒಂದೇ ಫೋನನ್ನು ಬಾಳಿಸಿದವಳು ನಾನು. ನಮ್ಮ ಮನೆಯಲ್ಲಿ ನನ್ನ ಕೈಯಲ್ಲಿ ಅಷ್ಟು ದಿನ ಬಾಳಿದ್ದು ಆ ಫೋನು, ಒಂದು ಎಮ್ಮೆ ಮತ್ತು ನಮ್ಮ ಯಜಮಾನರು. ಮೂರರಲ್ಲಿ ಹೇಳಿದ ಮಾತು ಕೇಳುತ್ತಿದ್ದುದು ಫೋನು ಒಂದೇ.

ಆ ಫೋನಿನ ನೆತ್ತಿಯಲ್ಲಿ ಒಂದು ದುಂಡನೆಯ ತೂತಿತ್ತು. ಕಿವಿಯ ವೈರಿನ ಒಂದು ತುದಿಯನ್ನು ಅದಕ್ಕೆ ಚುಚ್ಚಿ, ಇನ್ನೊಂದು ತುದಿಯನ್ನು ಕಿವಿಗೆ ತುರುಕಿ, ಮೇಲೆ ಸೆರಗು ಹೊದ್ದರೆ ಮುಗಿಯಿತು. ಒಳಗೆ ಏನು ನಡೆದಿದೆ ಎಂದು ದೇವರಿಗೂ ತಿಳಿಯದು. ತಲೆ ತುಂಬ ಸೆರಗು ಹೊದೆಯುವುದನ್ನು ನಮ್ಮ ಕಡೆ ಮರ್ಯಾದೆ ಎನ್ನುತ್ತಾರೆ. ನನ್ನ ಮರ್ಯಾದೆಯೊಳಗೆ ಎರಡು ಮೊಳ ವೈರ್ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಸಂಪಗಾಂವದಲ್ಲಿ ಪದ ಹಾಡುವ ಗಂಗವ್ವ ಎಂದರೆ ನಾನೇ. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಯಾವುದೇ ಇರಲಿ, ಮೊದಲ ಪದ ನನ್ನದು. ಆದರೆ ಎಪ್ಪತ್ತು ದಾಟಿದ ಮೇಲೆ ನಾಲ್ಕು ನುಡಿ ಹಾಡುವುದರೊಳಗೆ ಐದನೆಯದು ತಲೆಯಿಂದ ಎದ್ದು ಹೋಗಿರುತ್ತಿತ್ತು. ಬರೆದುಕೊಂಡು ಓದೋಣವೆಂದರೆ ನಾನು ಒಂದು ಸಾಲು ಓದುವಷ್ಟರಲ್ಲಿ ತೊಟ್ಟಿಲಲ್ಲಿನ ಕೂಸು ಎದ್ದು ಸಾಲಿಗೆ ಹೋಗುತ್ತದೆ! ಅದಕ್ಕೇ ಒಂದು ಉಪಾಯ ಮಾಡಿದ್ದೆ. ಮನೆಯಲ್ಲಿ ನೆನಪಾದಾಗ ಹಾಡಿ ಫೋನಿನಲ್ಲಿ ತುಂಬಿಡುವುದು, ಕಾರ್ಯದ ದಿನ ಕಿವಿಯಲ್ಲಿ ಕೇಳುತ್ತ ಬಾಯಲ್ಲಿ ಹಾಡುವುದು. ಇದರಲ್ಲಿ ಮೋಸವೇನೂ ಇಲ್ಲ. ಪದ ನನ್ನದು, ಧ್ವನಿ ನನ್ನದು, ಕಿವಿಯೂ ನನ್ನದು.

ಮೊಮ್ಮಗಳು ವಿದ್ಯಾಳ ಕುಬಸಕ್ಕೆಂದು ಸವದತ್ತಿಗೆ, ಅವಳ ಗಂಡನ ಮನೆಗೆ ಹೋದಾಗ ಮಾತ್ರ ವೈರನ್ನು ಮನೆಯಲ್ಲೇ ಮರೆತೆ. ಐದನೇ ನುಡಿಗೆ ನಾಲಿಗೆ ನಿಂತಿತು. ಆಗ ವಿದ್ಯಾಳ ಗಂಡನ ಅಜ್ಜಿ, ನನ್ನ ಬೀಗತಿ ಪಾರವ್ವ, ಕೊರಳೆತ್ತಿ ಉಳಿದ ಪದವನ್ನು ಸರಸರ ಹಾಡಿ ಮುಗಿಸಿದಳು. ಮುಗಿಸಿದ ಮೇಲಾದರೂ ಬಾಯಿ ಮುಚ್ಚಬೇಕಲ್ಲ!

“ವಯಸ್ಸಾತು ಬಿಡ್ರಿ ಗಂಗವ್ವಾರ. ಇನ್ನ ಮುಂದ ನೀವು ಕುಂತು ಚಪ್ಪಾಳಿ ಹೊಡೀರಿ, ಸಾಕು” ಎಂದಳು.

ಅವಳು ನನಗಿಂತ ಮೂರು ವರ್ಷ ದೊಡ್ಡವಳು!

ಆ ದಿನವೇ ಶಪಥ ಮಾಡಿದೆ. ವಿದ್ಯಾಳ ಕೂಸಿನ ತೊಟ್ಟಿಲು ಕಾರ್ಯ ನಮ್ಮ ಮನೆಯಲ್ಲಿ. ಹನ್ನೆರಡು ನುಡಿಯ ನನ್ನ ಜೋಗುಳವನ್ನು ಒಂದಕ್ಷರ ತಪ್ಪದೆ ಹಾಡಬೇಕು. ಪಾರವ್ವ ಕುಂತು ಚಪ್ಪಾಳೆ ಹೊಡೆಯಬೇಕು.

ತೊಟ್ಟಿಲಿಗೆ ಎಂಟು ದಿನ ಇದೆ ಎನ್ನುವಾಗ ನನ್ನ ಫೋನು ಎಮ್ಮೆಯ ನೀರಿನ ಬಾನಿಯಲ್ಲಿ ಬಿತ್ತು. ನೀರು ಕುಡಿಸಲು ಬಗ್ಗಿದ್ದೆ, ಸೊಂಟದಿಂದ ಜಾರಿತು. ನಾನು ಕೈ ಹಾಕಿ ತೆಗೆಯುವುದರೊಳಗೆ ಎಮ್ಮೆ ಅದರ ಮೇಲಿನ ನೀರನ್ನೆಲ್ಲ ಕುಡಿದು ಫೋನನ್ನು ನೆಕ್ಕುತ್ತಿತ್ತು. ಫೋನು ಏಳಲಿಲ್ಲ. ಬಾಣಂತನಕ್ಕೆ ಬಂದಿದ್ದ ವಿದ್ಯಾ ಕನಿಕರಪಟ್ಟು ಹೊಸ ಫೋನ್ ತರಿಸಿಕೊಟ್ಟಳು.

ನಾನು ಮೊದಲು ಅದರ ನೆತ್ತಿ ನೋಡಿದೆ. ಬೋಳು. ತಿರುಗಿಸಿ ಬುಡ ನೋಡಿದೆ. ಚಾರ್ಜಿನ ಸೀಳು ಬಿಟ್ಟರೆ ಏನೂ ಇಲ್ಲ. ಕಸ ಕುಂತು ಮುಚ್ಚಿರಬೇಕೆಂದು ಸೂಜಿಯಿಂದ ಅಲ್ಲಲ್ಲಿ ಕೆದರಿದೆ.

“ಏನ್ ಮಾಡಾಕತ್ತಿ?” ಎಂದರು ಯಜಮಾನರು.

“ತೂತು ಹುಡುಕಾಕತ್ತೇನಿ.”

“ಇನ್ನೊಂದೀಟು ಚುಚ್ಚು. ಹುಡುಕೂದು ಯಾಕ, ನೀನ ಹೊಸಾದು ಮಾಡ್ತಿ.”

ಮರುದಿನ ಬಸ್ ಹತ್ತಿ ಬೈಲಹೊಂಗಲಕ್ಕೆ ಹೋಗಿ, ಮೊಬೈಲ್ ಅಂಗಡಿಯ ರಫೀಕನ ಮುಂದೆ ಫೋನ್ ಇಟ್ಟೆ.

“ಇದಕ್ಕ ತೂತಾ ಕೊಡಾಕ ಮರ್ತಾರ ನೋಡಪಾ.”

“ಮರ್ತಿಲ್ರಿ ಅಜ್ಜಿ, ತಗದಾರ. ಅಗ್ಗದ ಫೋನಿಗೆ ಇನ್ನೂ ಇರತೈತಿ. ನಿಮ್ಮ ಮೊಮ್ಮಗಳು ಚಲೋದು ತಂದಾಳ, ಅದಕ್ಕ ಇಲ್ಲ.”

“ಚಲೋದು ಅಂದ್ರ ಒಂದು ಕಡಿಮಿ ಇರೂದೇನು? ಯಾಕ ತಗದ್ರು?”

“ಫೋನು ತೆಳ್ಳಗ ಆಗ್ಲಿ ಅಂತ.”

“ತೆಳ್ಳಗ ಆಗಿ ಏನ್ ಮಾಡತೈತಿ? ಅದನ್ನ ಯಾರರ ಕನ್ಯಾ ನೋಡಾಕ ಬರತಾರೇನು?”

“ಒಳಗ ನೀರು ಹೋಗಬಾರದು ಅಂತನೂ ಹೌದ್ರಿ.”

ಎಮ್ಮೆಯ ಬಾನಿಯ ಸುದ್ದಿ ಅವನ ತನಕ ಹೋಗಿತ್ತು. ಪಾಪ, ರಫೀಕ ಒಳ್ಳೆಯವನು. ಚಾರ್ಜಿನ ಸೀಳಿಗೆ ಸಿಕ್ಕಿಸುವ ಒಂದು ಗಿಡ್ಡ ವೈರ್ ತೋರಿಸಿದ. ಅದರ ತುದಿಗೆ ಹಳೆಯ ತೂತು ಇತ್ತು. ಇಷ್ಟರಲ್ಲಿ ನನ್ನ ಕಥೆ ಸುಖವಾಗಿ ಮುಗಿಯಬೇಕಿತ್ತು. ಆದರೆ ನಾನು ಸೊಕ್ಕಿನವಳು.

“ಹೊಸಾ ಫೋನಿಗೆ ಬಾಲ ಹಚ್ಚಿಕೊಂಡು ತಿರಗ್ಯಾಡ್ಲೇನು? ನನಗೇನ್ ಬ್ಯಾಡ” ಎಂದು ಎದ್ದು ಬಂದೆ.

ಆಗ ವಿದ್ಯಾ ತನ್ನ ವೈರಿಲ್ಲದ ಕಿವಿಗುಳಿಗೆಗಳನ್ನು ಕೊಟ್ಟಳು. ಬಡ್ಸ್ ಎನ್ನುತ್ತಾರಂತೆ. ಬೆಳ್ಳಗಿನ ದುಂಡು ಡಬ್ಬಿಯೊಳಗೆ ಅವಳಿ ಮಕ್ಕಳ ಹಾಗೆ ಎರಡು ಮಲಗಿದ್ದವು. ಡಬ್ಬಿ ತೆರೆದು ಹೊರಗೆ ತೆಗೆದರೆ ಸಾಕು, ಫೋನಿನಲ್ಲಿರುವುದು ತಾನಾಗಿ ಕಿವಿಗೆ ಬರುತ್ತದೆ. ನನ್ನ ಎಡಗಿವಿಯಲ್ಲಿ ಅದು ನಿಲ್ಲಲೇ ಇಲ್ಲ. ಒಮ್ಮೆ ಹಿಟ್ಟಿನಲ್ಲಿ ಬಿತ್ತು, ಒಮ್ಮೆ ಮಜ್ಜಿಗೆಯಲ್ಲಿ ಬಿತ್ತು. ಕೊನೆಗೆ ಬಲಗಿವಿಗೆ ಒಂದೇ ಸಾಕೆಂದು, ಎಡದ್ದನ್ನು ಡಬ್ಬಿಯಲ್ಲೇ ಬಿಟ್ಟೆ. ಡಬ್ಬಿ ಕಳೆಯಬಾರದೆಂದು ನನ್ನ ಎಲೆ ಅಡಿಕೆಯ ಚಂಚಿಯಲ್ಲಿ ಇಟ್ಟುಕೊಂಡೆ.

ಇಟ್ಟ ಮೇಲೆ ತಿಳಿಯಿತು, ಅದಕ್ಕೂ ನನ್ನ ಸುಣ್ಣದ ಡಬ್ಬಿಗೂ ಏನೂ ಫರಕಿಲ್ಲ. ಅದೇ ಬಣ್ಣ, ಅದೇ ಗಾತ್ರ. ಒಂದು ದಿನ ಸುಣ್ಣದ ಡಬ್ಬಿಗೆ ಚಾರ್ಜರ್ ಹಚ್ಚಲು ಅರ್ಧ ತಾಸು ಹೆಣಗಿದೆ.

“ಹತ್ತಲಿ ಬಿಡು” ಎಂದರು ಯಜಮಾನರು. “ಸುಣ್ಣಕ್ಕ ಕರೆಂಟ್ ಬಂದ್ರ ಇನ್ನೀಟು ಖಾರ ಆಗತೈತಿ.”

ಜೋಳ ಹಸನು ಮಾಡುತ್ತ, ನೆನಪಾದಷ್ಟು ಹಾಡುತ್ತ, ಮೂರು ದಿನದಲ್ಲಿ ಹನ್ನೆರಡೂ ನುಡಿಗಳನ್ನು ಹೊಸ ಫೋನಿಗೆ ತುಂಬಿದೆ. ನಡುನಡುವೆ ನನಗೆ ನಾನೇ ಒಂದೆರಡು ಸೂಚನೆಗಳನ್ನೂ ಕೊಟ್ಟುಕೊಂಡೆ. ಎಂಟನೇ ನುಡಿಯಾದ ಮೇಲೆ, “ನೀರು ಕುಡಿ ಗಂಗವ್ವ, ಅವಸರ ಮಾಡಬ್ಯಾಡ.” ಹತ್ತನೇ ನುಡಿಯಾದ ಮೇಲೆ ಒಂದು ಮಾತು ಹೇಳಿಕೊಂಡಿದ್ದೆ. ಅದನ್ನು ಮುಂದೆ ಹೇಳುತ್ತೇನೆ. ಫೋನಿಗೆ ಅದನ್ನು ಹೇಳದಿದ್ದರೆ ಚೆನ್ನಾಗಿತ್ತು.

ತೊಟ್ಟಿಲಿನ ದಿನ ಬಂತು. ಸವದತ್ತಿಯ ಬೀಗರು ಒಂದು ಗಾಡಿ ತುಂಬ ಬಂದರು. ಪಾರವ್ವ ರೇಷ್ಮೆ ಸೀರೆಯುಟ್ಟು, ತಲೆ ತುಂಬ ಸೆರಗು ಹೊದ್ದು, ಸರಿಯಾಗಿ ನನ್ನ ಎದುರಿಗೇ ಕುಂತಳು. ಬೆಳಗಿನಿಂದ ಬಂದ ಹೆಂಗಸರಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ನನ್ನ ಹೆಬ್ಬೆರಳು ಹಳದಿಗಟ್ಟಿತ್ತು. ಬಲಗಿವಿಯಲ್ಲಿ ಗುಳಿಗೆ, ಮಡಿಲಲ್ಲಿ ಫೋನು. ವಿದ್ಯಾ ಕೂಸನ್ನು ತೊಟ್ಟಿಲಿಗೆ ಹಾಕಿದಳು. ನಾನು ಹೆಬ್ಬೆರಳನ್ನು ಎರಡು ಮೂರು ಸಲ ಒತ್ತಿ ಹೇಗೋ ಫೋನು ತೆರೆದು, ಪದ ಸಜ್ಜು ಮಾಡಿ ಸೆರಗು ಮುಚ್ಚಿದೆ.

ಅಷ್ಟರಲ್ಲಿ ಪಾರವ್ವ, “ಒಂದೀಟು ಎಲಿ ಅಡಕಿ ಕೊಡ್ರಿ ಗಂಗವ್ವಾರ” ಎಂದಳು.

ಬೀಗತಿ ಎಲೆ ಅಡಿಕೆ ಕೇಳಿದರೆ ನಮ್ಮಲ್ಲಿ ಒಂದೊಂದೇ ಆರಿಸಿ ಕೊಡುವ ಪದ್ಧತಿಯಿಲ್ಲ. ಜಿಪುಣಿ ಎನ್ನುತ್ತಾರೆ. ಚಂಚಿಗೆ ಚಂಚಿಯನ್ನೇ ಅವಳ ಮುಂದೆ ಇಡಬೇಕು. ನಾನು ಧಾರಾಳವಾಗಿ ಇಟ್ಟೆ. ಸುಣ್ಣದ ಡಬ್ಬಿ ಒಳಕೋಣೆಯಲ್ಲಿ ಚಾರ್ಜರಿನ ಪಕ್ಕದಲ್ಲೇ ಉಳಿದಿದೆ, ಚಂಚಿಯಲ್ಲಿರುವುದು ಗುಳಿಗೆಯ ಡಬ್ಬಿ ಎಂಬುದು ಆಗ ನೆನಪಾಗಲಿಲ್ಲ. ನನಗೆ ಪದಗಳು ಮಾತ್ರ ಮರೆಯುತ್ತವೆ ಎಂದುಕೊಂಡಿದ್ದೆ!

ಪದ ಹಚ್ಚಿ ಹಾಡಲು ಶುರುಮಾಡಿದೆ. ಮೊದಲ ಎರಡು ನುಡಿ ಬೆಣ್ಣೆಯ ಹಾಗೆ ಜಾರಿದವು. ನಮ್ಮ ಓಣಿಯವರು ತಲೆದೂಗಿದರು. ಮೂರನೇ ನುಡಿಗೆ ಪಾರವ್ವ ಕೊರಳು ಕೂಡಿಸಿದಳು. ನಾಲ್ಕಕ್ಕೆ ನನ್ನ ಜೊತೆಗೆ ಬಂದಳು. ಐದಕ್ಕೆ ನನಗಿಂತ ಅರ್ಧ ಮಾತು ಮುಂದೆ ಹೋದಳು!

ನನಗೆ ಅಚ್ಚರಿ. ಇದು ನಮ್ಮ ತವರಿನ ಪದ, ಸವದತ್ತಿಗೆ ಹೇಗೆ ಹೋಯಿತು? ಆರನೇ ನುಡಿಯನ್ನು ಫೋನಿಗೆ ತುಂಬುವಾಗ ಎಮ್ಮೆ ಒದರಿತ್ತು, ಅದಕ್ಕೆ “ಹತ್ತಿಯ ಹಾಸಿಗಿ” ಎನ್ನುವುದನ್ನು ಎರಡು ಸಲ ಅಂದಿದ್ದೆ. ಪಾರವ್ವನೂ ಎರಡು ಸಲ ಅಂದಳು. ಹೆಂಗಸರೆಲ್ಲ, “ಸವದತ್ತಿ ಅಜ್ಜಿ ಎಷ್ಟ ಚಂದ ಹಾಡತಾರ, ನಮ್ಮಜ್ಜಿಗೆ ಹೇಳಿಕೊಡಾಕತ್ತಾರ” ಎಂದು ಪಿಸುಗುಟ್ಟಿದರು.

ಎಂಟನೇ ನುಡಿ ಮುಗಿಯಿತು. “ನೀರು ಕುಡಿ ಗಂಗವ್ವ” ಎಂದಿತು ಕಿವಿ. ನಾನು ತಂಬಿಗೆಗೆ ಕೈ ಹಾಕಿದೆ. ಎದುರಿಗೆ ಪಾರವ್ವನೂ ತಂಬಿಗೆ ಎತ್ತಿದಳು! ಇಬ್ಬರೂ ಒಟ್ಟಿಗೆ ಗುಟುಕರಿಸಿದೆವು, ಒಟ್ಟಿಗೆ ಕೆಳಗಿಟ್ಟೆವು.

ಆಗ ಚಂಚಿಯ ಕಡೆ ನೋಡಿದೆ. ಬೆಳ್ಳಗಿನ ಡಬ್ಬಿ ಬಾಯಿ ತೆರೆದು ಕುಂತಿತ್ತು. ಒಳಗೆ ಯಾರೂ ಮಲಗಿರಲಿಲ್ಲ.

ಪಾರವ್ವ ಸೆರಗನ್ನು ಎಡಗಿವಿಯ ಮೇಲೆ ಇನ್ನಷ್ಟು ಎಳೆದುಕೊಂಡು ನನ್ನನ್ನು ನೋಡಿ ನಕ್ಕಳು.

ಇಷ್ಟೇ ಆಗಿದ್ದರೆ ಸೋತೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಹತ್ತನೇ ನುಡಿಯ ನಂತರದ ಮಾತು ನೆನಪಾಯಿತು. ಫೋನಿನಲ್ಲಿ ನಾನು ಹೇಳಿಕೊಂಡದ್ದು ಇದು: “ಪಾರವ್ವನ ಮಾರಿ ಕಡೆ ನೋಡಬ್ಯಾಡ, ನುಡಿ ಮರೀತಿ. ಒಡದ ಗಡಿಗಿ ಧ್ವನಿ ಅಕಿದು, ಅದಕ್ಕ ಎಷ್ಟು ಡೌಲು! ಇಂಥಾಕಿ ಮನಿಗೆ ಹುಡಿಗಿ ಕೊಟ್ಟು ಕುಂತೇವಲ್ಲ!”

ಮುಂದಿನ ತಿಂಗಳು ವಿದ್ಯಾ ಕೂಸನ್ನು ಎತ್ತಿಕೊಂಡು ಅದೇ ಮನೆಗೆ ಹೋಗಬೇಕು. ಅಲ್ಲಿ ಪಾರವ್ವನ ಮಾತು ಮೀರಿ ಒಲೆಯೂ ಹೊತ್ತುವುದಿಲ್ಲ. ಬಾಯಿ ಒಂಬತ್ತನೇ ನುಡಿ ಹಾಡುತ್ತಿತ್ತು, ಕೈ ಮಡಿಲಲ್ಲಿ ಫೋನು ಹುಡುಕುತ್ತಿತ್ತು. ಹೆಬ್ಬೆರಳು ಒತ್ತಿದೆ. ಅರಿಶಿನದ ಬೆರಳನ್ನು ಫೋನು ಗುರುತಿಸಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದೆ. ನಂಬರ್ ಹೇಳು ಎಂದಿತು. ನಂಬರ್ ಇಟ್ಟವಳು ವಿದ್ಯಾ! ಎಂಟು ದಿನದ ಪರಿಚಯದಲ್ಲಿ ಇಷ್ಟು ಸೊಕ್ಕು. ಹಳೆಯ ಫೋನಾಗಿದ್ದರೆ ವೈರ್ ಹಿಡಿದು ಒಂದು ಸಲ ಜಗ್ಗಿದರೆ ಸಾಕಿತ್ತು. ವೈರ್ ಇದ್ದಿದ್ದರೆ ಅದರ ಇನ್ನೊಂದು ತುದಿ ಬೀಗತಿಯ ಕಿವಿಗೆ ಹೋಗುತ್ತಲೇ ಇರಲಿಲ್ಲ!

“ಅಜ್ಜಿ, ಮಡಿಲಾಗ ಏನ್ ತಿಕ್ಕಾಕತ್ತಿ?” ಎಂದಳು ವಿದ್ಯಾ.

“ತುರಿಸಾಕತ್ತೈತಿ!” ಎಂದೆ.

ಹತ್ತನೇ ನುಡಿ ಮುಗಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಕಿವಿಯಲ್ಲಿ ನನ್ನದೇ ಧ್ವನಿ ಸ್ಪಷ್ಟವಾಗಿ, ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಸಿ ಪಾರವ್ವನನ್ನು ಬೈಯಿತು. ಜನ್ಮದಲ್ಲಿ ಅಷ್ಟು ಚೆನ್ನಾಗಿ ನಾನು ಏನನ್ನೂ ಹೇಳಿದ್ದಿಲ್ಲ.

ಕಣ್ಣು ತೆರೆದೆ. ಪಾರವ್ವನ ನಗು ನಿಂತಿತ್ತು. ತೊಟ್ಟಿಲ ಹಗ್ಗ ಹಿಡಿದಿದ್ದ ವಿದ್ಯಾ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದಳು. ಪಾರವ್ವ ಕೆಮ್ಮಿ ಕೊರಳು ಸರಿಮಾಡಿಕೊಂಡು, ತೊಟ್ಟಿಲ ಹಗ್ಗವನ್ನು ವಿದ್ಯಾಳ ಕೈಯಿಂದ ತಾನೇ ತೆಗೆದುಕೊಂಡು ಧ್ವನಿ ಎತ್ತಿದಳು:

“ಒಡದ ಗಡಿಗಿ ಧ್ವನಿಯಾಕಿ ಸವದತ್ತಿಲಿಂದ ಬಂದಾಳ, ಜೋ ಜೋ
ಒಡಿಯದ ಗಡಿಗಿ ಸಂಪಗಾಂವದಾಗ ನೀರ ಕುಡದು ಕುಂತಾಳ, ಜೋ ಜೋ!”

ಬೀಗರು ಬೀಗರನ್ನು ಪದದಲ್ಲಿ ಹಳಿಯುವುದು ನಮ್ಮಲ್ಲಿ ಇದ್ದದ್ದೇ. ಹೆಂಗಸರೆಲ್ಲ ಅದೇ ಎಂದುಕೊಂಡು ಬಿದ್ದು ಬಿದ್ದು ನಕ್ಕರು, ತಿರುಗಿ ತಿರುಗಿ ಹಾಡಿಸಿದರು. ನಾನು ಕುಂತು ಚಪ್ಪಾಳೆ ಹೊಡೆದೆ.

ಊಟದ ನಂತರ ಪಾರವ್ವ ನನ್ನನ್ನು ಮೂಲೆಗೆ ಕರೆದು ಡಬ್ಬಿ ಕೈಯಲ್ಲಿಟ್ಟಳು.

“ತಗೋರಿ ನಿಮ್ಮ ಸುಣ್ಣಾ. ಭಾಳ ಖಾರ ಐತಿ.”

“ತಪ್ಪಾತ್ರಿ. ಇದನ್ನ ಮಾತ್ರ ನಮ್ಮ ಹುಡಿಗಿ ಮ್ಯಾಲೆ ತಗೀಬ್ಯಾಡ್ರಿ” ಎಂದೆ. ನನ್ನ ಬಾಯಿಂದ ತಪ್ಪಾತ್ರಿ ಎಂಬ ಮಾತು ಬಂದದ್ದನ್ನು ಯಜಮಾನರು ಕೇಳಿಸಿಕೊಳ್ಳಲಿಲ್ಲ, ಪುಣ್ಯ.

“ಹುಡಿಗಿ ಏನ್ ಮಾಡ್ಯಾಳ? ಅಕಿ ಬಂಗಾರದಂಥಾಕಿ. ನಿಮ್ಮ ಮನಿತನದಾಗ ಹೆಂಗ ಹುಟ್ಟಿದಳೋ!” ಎಂದು, ಅತ್ತಿತ್ತ ನೋಡಿ ದನಿ ಇಳಿಸಿದಳು. “ಕುಬಸದ ದಿನ ನನ್ನ ಸೆರಗಿನಾಗೂ ವೈರ್ ಇತ್ತು ಗಂಗವ್ವಾರ. ಹೋದ ತಿಂಗಳ ನನಗೂ ಹೊಸಾ ಫೋನ್ ತಂದಾರ, ಅದಕ್ಕೂ ತೂತಿಲ್ಲ. ಇವತ್ತ ಬರೇಗಿವಿಲೇ ಬಂದಿದ್ದೆ. ನಿಮ್ಮ ಡಬ್ಬಿ ತಗದ ಕೂಡ್ಲೆ ಗೊತ್ತಾತು, ಇಬ್ಬರದೂ ಒಂದ ರೋಗ ಅಂತ.”

ಸಂಜೆ ವಿದ್ಯಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ನಕ್ಕು ನಕ್ಕು ಕೂಸನ್ನು ಎಬ್ಬಿಸಿದಳು.

“ಅಷ್ಟ್ಯಾಕ ಒದ್ದಾಡಿದಿ ಅಜ್ಜಿ? ಕಿವ್ಯಾಗಿನದರ ಮ್ಯಾಲೆ ಬೆರಳಿಲೆ ಒಮ್ಮೆ ತಟ್ಟಿದ್ರ ನಿಂದರ್ತಿತ್ತು.”

ಇದನ್ನು ಡಬ್ಬಿ ಕೊಟ್ಟ ದಿನವೇ ಹೇಳಬೇಕಿತ್ತು. ಹೇಳಿದ್ದಳಂತೆ. ನಾನೇ, ನನಗೆಲ್ಲ ಗೊತ್ತೈತಿ ಎಂದಿದ್ದೆನಂತೆ.

ಮರುದಿನ ರಫೀಕನ ಅಂಗಡಿಗೆ ಹೋಗಿ ತೆಪ್ಪಗೆ ಎರಡು ಬಾಲ ಕೊಂಡೆ. ಒಂದು ನನಗೆ, ಒಂದು ಸವದತ್ತಿಗೆ. ಹೋದ ವಾರ ಪಕ್ಕದ ಓಣಿಯ ತೊಟ್ಟಿಲಿಗೆ ಕರೆದರು. ಬಾಲ ಹಚ್ಚಿ, ವೈರ್ ಚುಚ್ಚಿ, ಸೆರಗು ಹೊದ್ದು, ಹನ್ನೆರಡು ನುಡಿ ಸಜ್ಜು ಮಾಡಿಕೊಂಡು ಕುಂತೆ. ಕೊರಳು ಎತ್ತುವ ಮೊದಲೇ ಹೆಂಗಸರೆಲ್ಲ ಒಕ್ಕೊರಲಿನಿಂದ, “ಅದೆಲ್ಲಾ ಬ್ಯಾಡ್ರಿ ಗಂಗವ್ವಾರ, ಆ ಗಡಿಗಿ ಪದಾ ಹಾಡ್ರಿ!” ಎಂದರು.

ಹಾಡಿದೆ. ಕಟ್ಟಿದವಳು ಬೀಗತಿ, ಬೈದದ್ದು ನನ್ನನ್ನು. ಮೂರು ಸಲ ಹಾಡಿಸಿದರು. ಒಂದಕ್ಷರ ಮರೆಯಲಿಲ್ಲ. ವೈರು ಕಿವಿಯಲ್ಲಿ ಸುಮ್ಮನೇ ಇತ್ತು.