ಮಾವನವರ ಬರ್ಗರ್ ಬೆಂದ ಬಗೆ

ಮಾಂಸ ಬೆಂದಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತದೆ. ನಾನು ಆಹಾರ ತಪಾಸಣೆಯ ಇನ್‌ಸ್ಪೆಕ್ಟರು. ನಾನು ಒಳಗೆ ಕಾಲಿಟ್ಟರೆ ಹೋಟೆಲ್ ಮಾಲೀಕರಿಗೆ ಬೆವರು ಕಿತ್ತುಕೊಂಡು ಬರುತ್ತದೆ. ನನ್ನದೇ ಅಡುಗೆಮನೆಗೆ ಕಾಲಿಟ್ಟರೆ ಮಾತ್ರ, "ಈಗಷ್ಟೇ ನೆಲ ಒರೆಸಿದೀನಿ, ಆಚೆ ಹೋಗಿ" ಎಂದು ನನ್ನಾಕೆಯ ರಾಜಾಜ್ಞೆ ಹೊರಡುತ್ತದೆ. (ಹೋಗುತ್ತೇನೆ. ಮೇಲ್ಮನವಿಗೆ ಅವಕಾಶವಿಲ್ಲ.)

ಅಂಥ ಅಡುಗೆಮನೆ ಕಳೆದ ಭಾನುವಾರ ನನ್ನ ವಶಕ್ಕೆ ಬಂತು. ಬಂದ ಸಂದರ್ಭ ಚೆನ್ನಾಗಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಮಾವನವರನ್ನು ನಮ್ಮ ಮನೆಗೇ ಕರೆತಂದಿದ್ದೆವು. ಅವರು ತಟ್ಟೆಯ ಮುಂದೆ ಕೂರುವರು, ತುತ್ತನ್ನು ಕೆದಕುವರು, ಎದ್ದುಬಿಡುವರು. ಅವರ ಅಂಗಿ ಮೊಳೆಗೆ ತೂಗುಹಾಕಿದಂತೆ ಮೈಮೇಲೆ ಜೋತಾಡುತ್ತಿತ್ತು. ಹೀಗೇ ಬಿಟ್ಟರೆ ಅಮ್ಮನ ಹಿಂದೆಯೇ ಅಪ್ಪನೂ ಹೊರಡುತ್ತಾರೆ ಎಂದು ನನ್ನಾಕೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ನನಗೂ ಹೆದರಿಕೆಯಾಗಿತ್ತು.

ಆ ಬೆಳಿಗ್ಗೆ ಮಾವ ತಾವಾಗಿಯೇ ಬಾಯಿಬಿಟ್ಟರು. "ನಿನ್ನ ಮದುವೆಯಾದ ಮೇಲೆ, ನಾವಿಬ್ಬರೇ ಇದ್ದಾಗ, ನಿಮ್ಮಮ್ಮ ಭಾನುವಾರ ಬರ್ಗರ್ ಮಾಡೋಳು ಕಣಮ್ಮ. ಅದು ತಿನ್ನಬೇಕು ಅನ್ಸುತ್ತೆ."

ನನ್ನಾಕೆ ಸೆರಗು ಸಿಕ್ಕಿಸಿ ಎದ್ದಳು. ನಾನು ಅಡ್ಡ ನಿಂತೆ.

"ಕೊಚ್ಚಿದ ಮಾಂಸ ಅಂದ್ರೆ ಹುಡುಗಾಟ ಅಲ್ಲ. ಮೊದಲೇ ಸೊರಗಿದ ಜೀವ. ಒಳಗೆ ಸ್ವಲ್ಪ ಹಸಿ ಉಳಿದ್ರೂ ಆಸ್ಪತ್ರೆ ಸೇರ್ತಾರೆ. ನಾನು ಮಾಡ್ತೀನಿ."

ಆಸ್ಪತ್ರೆ ಎಂಬ ಮಾತಿಗೆ ಹೆದರಿ ಅವಳು ಸಟ್ಟುಗ ಕೊಟ್ಟಳು.

ನಮ್ಮ ಇಲಾಖೆಯ ಪದ್ಧತಿ ಇದು: ಒಂದು ಮಾದರಿಯನ್ನು ನಡುವೆ ಕೊಯ್ದು ನೋಡಬೇಕು, ಅದು ಫೇಲಾದರೆ ಇಡೀ ಸರಕೇ ಫೇಲ್. ಮಾಂಸವನ್ನು ಬಿಲ್ಲೆ ತಟ್ಟಿ ಕಾವಲಿಯ ಮೇಲೆ ಬೇಯಿಸಿ, ಮೊದಲನೆಯದನ್ನು ಕೊಯ್ದೆ. ಒಳಗೆ ಕೆಂಪು. ಎಲ್ಲವೂ ಮತ್ತೆ ಕಾವಲಿಗೆ. ಇನ್ನೊಂದನ್ನು ಕೊಯ್ದೆ. ಗುಲಾಬಿಯೆಂದರೆ ಗುಲಾಬಿ, ಅಲ್ಲವೆಂದರೆ ಅಲ್ಲ. ಅನುಮಾನದ ಲಾಭ ಆರೋಪಿಗೆ ಕೊಡುವ ವಾಡಿಕೆ ನಮ್ಮಲ್ಲಿಲ್ಲ. ಎಲ್ಲವೂ ಮತ್ತೆ ಕಾವಲಿಗೆ.

"ಸಾಕು ತೆಗೀರಿ, ಅಪ್ಪ ಕಾಯ್ತಿದಾರೆ."

"ಇನ್ನೂ ಕೆಂಪಗಿದೆ."

"ಹೊಗೆಗೆ ನಿಮ್ಮ ಕಣ್ಣು ಕೆಂಪಗಿದೆ."

"ತಪಾಸಣೆ ಮಧ್ಯೆ ಮಾತಾಡಬೇಡ."

"ಇದು ತಪಾಸಣೆನಾ? ಪೋಸ್ಟ್‌ಮಾರ್ಟಮ್."

ಸಾವು ಕಂಡ ಮನೆಯಲ್ಲಿ ಆ ಮಾತು ಬರಬಾರದಿತ್ತು. ನಾನು ಕಿಟಕಿ ತೆರೆಯಲು ಹೋದಾಗ ಅವಳು ಹದವಾಗಿದ್ದ ಒಂದು ಬಿಲ್ಲೆಯನ್ನು ಎತ್ತಿ ಬನ್ನಿನೊಳಗೆ ಬಚ್ಚಿಟ್ಟಳು. ಉಳಿದವು ನನ್ನ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಹೊತ್ತಿಗೆ ಕೋಟಿನ ಗುಂಡಿಯಷ್ಟಾಗಿ, ಕಪ್ಪಗೆ ಕೂತಿದ್ದವು.

ಮಾವ ಮೊದಲು ಮಗಳದ್ದನ್ನು ಕಚ್ಚಿದರು. "ಚೆನ್ನಾಗಿದೆಯಮ್ಮ," ಎಂದು ತಟ್ಟೆಯಲ್ಲೇ ಇಟ್ಟುಬಿಟ್ಟರು. ಅವಳ ಮುಖ ನೋಡಲಾಗಲಿಲ್ಲ. ಆಮೇಲೆ ಅವರ ಕೈ ನನ್ನ ಬರ್ಗರಿನತ್ತ ಹೋಯಿತು. ಕಚ್ಚಿದ ಸದ್ದು ಹಾಲ್‌ಗೆಲ್ಲ ಕೇಳಿಸಿತು. ಅವರ ಕಣ್ಣು ತುಂಬಿತು. ಹಲ್ಲು ಮುರಿಯಿತೆಂದೇ ನಾನು ತಿಳಿದೆ.

"ಥೇಟ್ ನಿಮ್ಮಮ್ಮಂದೇ," ಎಂದರು ಮಾವ, ಅಗಿಯುತ್ತ. "ಪ್ರತಿ ಸಲ ಹೀಗೇ ಕರಕಲು ಮಾಡೋಳು. ಬೇಜಾರು ಮಾಡ್ಕೋತಾಳೆ ಅಂತ ನಾನು ಒಂದಿನಾನೂ ಹೇಳಲಿಲ್ಲ."

ಒಂದು ಮುಗಿಸಿದರು. ಇನ್ನೊಂದಕ್ಕೆ ಕೈಚಾಚಿದರು. ನಾನು ಕೊಯ್ದಿಟ್ಟ ಚೂರುಗಳನ್ನೂ ಬಿಡಲಿಲ್ಲ. ನನ್ನಾಕೆ ಅಳುತ್ತಲೇ ನಗುತ್ತಿದ್ದಳು. ನಾನೋ ಇಷ್ಟು ವರ್ಷದ ಅನುಭವಿ ಅಧಿಕಾರಿ. ಒಂದು ಒಳ್ಳೆಯ ಮಾತು ನನಗೂ ಬೇಕಿತ್ತು.

"ಹಾಗಾದ್ರೆ ಸರಿಯಾಗಿ ಬೆಂದಿದೆ ಅನ್ನಿ, ಮಾವ."

ಮಾವ ಬಾಯಿ ಒರೆಸಿಕೊಂಡು, ನ್ಯಾಯವಾಗಿ ಯೋಚಿಸಿ ಹೇಳಿದರು.

"ಪರವಾಗಿಲ್ಲ ಅಳಿಯಂದ್ರೇ. ನಿಮ್ಮತ್ತೆ ಇನ್ನೂ ಸ್ವಲ್ಪ ಹೊತ್ತು ಕಾವಲಿ ಮೇಲೆ ಬಿಡ್ತಿದ್ಲು."