ಬ್ಯಾಟರಿಯಿಲ್ಲದ ಬಿಲ್ಲೆ ಮತ್ತು ಕಳೆದುಹೋದವರು

ಕಳೆದದ್ದನ್ನು ಹುಡುಕಿಕೊಡುವ ಕೆಲಸಕ್ಕೆ ಇಳಿದ ಮೇಲೆ, ನಾನು ಹೋದಲ್ಲೆಲ್ಲ ಏನಾದರೊಂದು ಕಳೆಯುತ್ತದೆ. ಕಳೆದಾಗಲೆಲ್ಲ ಜನ ಮೊದಲು ನನ್ನ ಮುಖ ನೋಡುತ್ತಾರೆ.

ನಾನು ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನಾವು ಅಂಗಿ ಗುಂಡಿಗಿಂತ ತುಸು ದೊಡ್ಡದಾದ ಒಂದು ಬಿಲ್ಲೆ ಮಾಡಿದ್ದೇವೆ. ಅದಕ್ಕೆ ಬ್ಯಾಟರಿ ಇಲ್ಲ. ಟ್ಯೂಬ್‌ಲೈಟಿನ ಬೆಳಕೇ ಅದಕ್ಕೆ ಊಟ. ಬೆಳಕು ಬಿದ್ದಾಗ ‘ನಾನಿಲ್ಲಿದ್ದೇನೆ’ ಎಂದು ರೇಡಿಯೊ ಅಲೆಯಲ್ಲಿ ಕೂಗುತ್ತದೆ. ಗೋಡೆಗೆ ಹಚ್ಚಿದ ಪೆಟ್ಟಿಗೆಗಳು ಆ ಕೂಗು ಕೇಳಿ, ಬಿಲ್ಲೆ ಯಾವ ಕೋಣೆಯಲ್ಲಿದೆ ಎಂದು ನಕ್ಷೆಯ ಮೇಲೆ ಒಂದು ಚುಕ್ಕಿ ತೋರಿಸುತ್ತವೆ. ಇಷ್ಟೇ. ಕೇಳಲು ಭಾಳ ಸರಳ.

ಇಸಿಜಿ ಕ್ಯಾಂಟೀನಿಗೆ ಹೋಗಿತ್ತು

ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಮಷೀನುಗಳಿಗೆಲ್ಲ ಬಿಲ್ಲೆ ಹಚ್ಚಿ ಎರಡು ದಿನವಾಗಿತ್ತು. ಎದೆನೋವೆಂದು ಒಬ್ಬರನ್ನು ಹೊತ್ತು ತಂದರು. ಬೆವರಿಗೆ ಅವರ ಅಂಗಿ ಮೈಗಂಟಿತ್ತು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಇಸಿಜಿ ಮಷೀನ್ ಎಲ್ಲೈತಿ?” ಎಂದರು ಡಾಕ್ಟರು.

ಸಿಸ್ಟರ್ ನನ್ನತ್ತ ತಿರುಗಿದಳು. ನಾನು ಪರದೆ ನೋಡಿದೆ. ಚುಕ್ಕಿ ಕ್ಯಾಂಟೀನಿನಲ್ಲಿತ್ತು.

ಯಾಕೆಂದು ಕೇಳುವಷ್ಟು ಹೊತ್ತಿರಲಿಲ್ಲ. ನಾನೂ ಕಂಪೌಂಡರೂ ಮೆಟ್ಟಿಲಿಳಿದು ಓಡಿದೆವು. ಕ್ಯಾಂಟೀನಿನ ಯಜಮಾನರು ಚಹಾ ಸೋಸುತ್ತಿದ್ದರು. ಮಷೀನು ಎಲ್ಲೂ ಇರಲಿಲ್ಲ. ಬಿಲ್ಲೆ ಮಾತ್ರ ಸಕ್ಕರೆ ಡಬ್ಬಿಗೆ ಅಂಟಿಕೊಂಡಿತ್ತು.

“ಹೊರಗ ಬಿದ್ದಿತ್ರಿ,” ಎಂದರು ಅವರು. “ಇರಿವಿ ಓಡಸೋ ಮಷೀನ್ ಇರಬೇಕಂತ ಹಚ್ಚೇನಿ.”

ಬಿಲ್ಲೆಯನ್ನು ಅಲ್ಲೇ ಬಿಟ್ಟು ವಾಪಸು ಓಡಿ ಬಂದರೆ, ಇಸಿಜಿ ತೆಗೆದೂ ಆಗಿತ್ತು. ಮಷೀನು ಅದೇ ಕೋಣೆಯ ಬಾಗಿಲ ಹಿಂದೆ, ಒಗೆದ ಚಾದರದ ಕೆಳಗಿತ್ತು. ರೋಗಿಗೆ ಸಮಯಕ್ಕೆ ಔಷಧ ಸಿಕ್ಕಿತು, ಜೀವ ಉಳಿಯಿತು.

ಸಂಜೆ ಬಿಲ್ಲೆ ಬಿಚ್ಚಲು ಹೋದಾಗ ಕ್ಯಾಂಟೀನಿನವರು ಡಬ್ಬಿಗೆ ಕೈ ಅಡ್ಡ ಹಿಡಿದರು. “ಒಯ್ಯಬ್ಯಾಡ್ರಿ ಅಕ್ಕಾರ. ಇದನ್ನ ಹಚ್ಚಿದ ಮ್ಯಾಲ ಖರೇನ ಒಂದೂ ಇರಿವಿ ಬಂದಿಲ್ಲ.”

ಮಧ್ಯಾಹ್ನದ ಕಳ್ಳ

ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿಯ ಗೋದಾಮಿನಲ್ಲಿ ಒಂದೊಂದು ಗಂಟಿಗೂ ಒಂದು ಬಿಲ್ಲೆ ಹಚ್ಚಿ ಬಂದಿದ್ದೆವು. ನಾಲ್ಕನೇ ದಿನ ಸಾವಕಾರರ ಫೋನು.

“ದಿನಾ ಮಧ್ಯಾಹ್ನ ನನ್ನ ಸೀರಿ ಎಲ್ಲಾ ಮಾಯ ಆಗಾಕತ್ತಾವ್ರಿ. ಸಂಜಿಕೆ ತಿರುಗಿ ಬರ್ತಾವ. ಮನ್ಯಾಗ ಕುಂತು ಮೊಬೈಲ್ನ್ಯಾಗ ನೋಡಾಕತ್ತೇನಿ.”

ನಾನು ಹೋಗುವಷ್ಟರಲ್ಲಿ ವಿಷಯ ಕೈಮೀರಿತ್ತು. ಗೋದಾಮಿನ ಇನ್ನೊಂದು ಕೀಲಿ ಇದ್ದದ್ದು ಇಪ್ಪತ್ತು ವರ್ಷದಿಂದ ಸೀರೆ ಮಡಿಸುತ್ತಿದ್ದ ಹೆಂಗಸಿನ ಹತ್ತಿರ. ಆಕೆ ಕೀಲಿಯನ್ನು ಮೇಜಿನ ಮೇಲಿಟ್ಟು ಗೋಡೆಗೊರಗಿ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

“ಪೊಲೀಸರನ್ನ ಕರೀತೇನಿ,” ಎಂದರು ಸಾವಕಾರರು.

“ಕರೀರಿ,” ಎಂದಳು ಆಕೆ. “ಅವರು ಬರೂತನಕ ನಾನೂ ಎಲ್ಲಿಗೂ ಹೋಗೂದಿಲ್ಲ.”

ನನ್ನ ಚುಕ್ಕಿಯಿಂದ ಒಬ್ಬಳ ಮಾನ ಹೋಗುವುದರಲ್ಲಿತ್ತು. “ದಿನಾ ಮಧ್ಯಾಹ್ನ ಏನ್ ಮಾಡ್ತೀರಿ, ಹಂಗ ಮಾಡಿ ತೋರಸ್ರಿ,” ಎಂದು ಸಾವಕಾರರಿಗೆ ಹೇಳಿದೆ.

“ಏನ್ ಮಾಡ್ಲಿ? ಊಟಕ್ಕ ಹೋಗ್ತೇನಿ,” ಎನ್ನುತ್ತ ಅವರು ಬಾಗಿಲಿಗೆ ನಡೆದರು. ಹೋಗುವಾಗ ಕೈ ತಾನಾಗಿ ಸ್ವಿಚ್ಚಿಗೆ ಹೋಗಿ ಲೈಟೆಲ್ಲ ಆರಿಸಿತು. ಗೋದಾಮಿಗೆ ಕಿಟಕಿಯೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಮೊಬೈಲಿನ ಚುಕ್ಕಿಗಳು ಒಂದೊಂದಾಗಿ ಅಳಿದುಹೋದವು. ಬೆಳಕಿಲ್ಲದೆ ಬಿಲ್ಲೆಗಳಿಗೆ ಉಪವಾಸ ಬಿದ್ದಿತ್ತು.

ಬಿಡಿಸಿ ಹೇಳಿದೆ. ಸಾವಕಾರರು ಸ್ವಿಚ್ಚನ್ನೇ ನೋಡುತ್ತ ನಿಂತರು. “ಹಂಗಾರ ಇಷ್ಟು ದಿನ ಮಾಯ ಮಾಡಿದಾಂವ ನಾನೇನ್ರಿ?”

ಆಕೆ ಕೀಲಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಪೊಲೀಸರಿಗೆ ನಾ ಫೋನ್ ಹಚ್ಚಲೇನ್ರಿ, ಸಾವಕಾರ್ರ?”

ನಡುಗುವ ಕಾವಲುಗಾರ

ಹುನಗುಂದದ ಒಂದು ಗೋದಾಮಿಗೆ ಕೊಟ್ಟದ್ದು ಬೇರೆ ಜಾತಿಯ ಬಿಲ್ಲೆ. ಅಲುಗಾಡಿದರೆ ಅದರಲ್ಲಿ ಕರೆಂಟು ಹುಟ್ಟುತ್ತದೆ. ಕಾವಲುಗಾರ ಸುತ್ತು ಹಾಕುತ್ತಾನೋ ಇಲ್ಲವೋ ನೋಡಲಿಕ್ಕೆ ಅವನ ಸೊಂಟಪಟ್ಟಿಗೆ ಹಚ್ಚಿದ್ದೆವು.

ಒಂದು ಮಧ್ಯಾಹ್ನ ಚುಕ್ಕಿ ಒಂದೇ ಮೂಲೆಯಲ್ಲಿ ನಿಂತಿತ್ತು, ಆದರೆ ಬಿಲ್ಲೆ ಅರ್ಧ ತಾಸಿನಿಂದ ಎಡೆಬಿಡದೆ ಅಲುಗುತ್ತಿತ್ತು. ಫೋನು ಎತ್ತುತ್ತಿಲ್ಲ. “ಅವಗ ಫಿಟ್ಸ್ ಬಂದಿರಬೇಕ್ರಿ,” ಎಂದರು ಗೋದಾಮಿನ ಮಾಲೀಕರು. ಆಂಬುಲೆನ್ಸಿಗೆ ಹೇಳಿ, ಕಾರಿನಲ್ಲಿ ಧಾವಿಸಿದೆವು.

ಕಾವಲುಗಾರ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲಿ ಗಡಗಡ ಎನ್ನುವ ಹಳೆಯ ಟೇಬಲ್ ಫ್ಯಾನು. ಅದರ ಜಾಲರಿಗೆ ನಮ್ಮ ಬಿಲ್ಲೆಯನ್ನು ದಾರದಿಂದ ಕಟ್ಟಿದ್ದ.

ಎಬ್ಬಿಸಿ ಕೇಳಿದರೆ, ಕಣ್ಣುಜ್ಜುತ್ತ ನನ್ನ ಕಡೆಗೇ ತೋರಿಸಿದ. “ಈ ಮೇಡಮ್ಮಾರ ಹೇಳ್ಯಾರಲ್ರಿ, ಅಲುಗಾಡದಿದ್ರ ಅದಕ್ಕ ಕರೆಂಟ್ ಸಿಗೂದಿಲ್ಲಂತ. ನಾ ಮಲಗಿದಾಗ ಅದು ಉಪವಾಸ ಇರಬಾರದಲ್ರಿ.”

ಹತ್ತು ಗಂಟೆಗೆ ಆಪರೇಶನ್

ಬಾದಾಮಿಯ ಒಂದು ದವಾಖಾನೆಯಲ್ಲಿ ರೋಗಿಗಳ ಮುಂಗೈಗೇ ಪಟ್ಟಿ ಮಾಡಿ ಬಿಲ್ಲೆ ಕಟ್ಟಿದ್ದೆವು. ಕುಳಗೇರಿ ಕ್ರಾಸ್ ಕಡೆಯ ಒಬ್ಬ ಅಜ್ಜ ಹರ್ನಿಯಾ ಆಪರೇಶನ್ನಿಗೆ ಸೇರಿದ್ದ. ಜೀವನವಿಡೀ ಕುರಿ ಕಾಯ್ದವನು, ಬೀರಪ್ಪನ ಭಕ್ತ. ದವಾಖಾನೆಯಲ್ಲೂ ಹೆಗಲ ಮೇಲಿನ ಕಂಬಳಿ ಬಿಟ್ಟಿರಲಿಲ್ಲ. ಜೊತೆಗೆ ಮಗಳಿದ್ದಳು.

ಬೆಳಿಗ್ಗೆ ಹತ್ತಕ್ಕೆ ಆಪರೇಶನ್. ಒಂಬತ್ತೂವರೆಗೆ ಹಾಸಿಗೆ ಖಾಲಿ.

“ಅಪ್ಪಗ ಮರವು ಭಾಳ ಐತ್ರಿ,” ಎಂದಳು ಮಗಳು. “ಸಕ್ಕರಿ ಕಾಯಿಲಿ ಬ್ಯಾರೆ. ನಿನ್ನಿ ರಾತ್ರಿಯಿಂದ ಹೊಟ್ಟ್ಯಾಗ ಏನೂ ಇಲ್ಲ. ಎಲ್ಲೆರೆ ಬಿದ್ರ ಏನ್ ಮಾಡ್ಲಿ?”

ಪರದೆಯಲ್ಲಿ ಚುಕ್ಕಿ ಮಹಿಳಾ ವಾರ್ಡಿನಲ್ಲಿ ಕಂಡಿತು. ಓಡಿದೆವು, ಅಲ್ಲಿಲ್ಲ. ಅಷ್ಟರಲ್ಲಿ ಚುಕ್ಕಿ ಅಳಿಯಿತು. ಕೈ ಕಂಬಳಿಯೊಳಗೆ ಹೋಗಿರಬೇಕು, ಬೆಳಕು ಸಿಗುತ್ತಿಲ್ಲ ಎಂದುಕೊಂಡೆ. ಐದು ನಿಮಿಷಕ್ಕೆ ಎಕ್ಸ್‌ರೇ ಕೋಣೆಯ ಹತ್ತಿರ ಮಿನುಗಿತು, ಮತ್ತೆ ಮಾಯ. ಡಾಕ್ಟರು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರು. ಥಿಯೇಟರ್ ಸಜ್ಜು ಮಾಡುತ್ತಿದ್ದ ಸಿಸ್ಟರ್ ಕೂಡ ಇದ್ದಂತೆಯೇ ಬಿಟ್ಟು ಹುಡುಕಲು ಬಂದಳು. ಕಾವಲಿನವನು ರಸ್ತೆಗೆ ಓಡಿದ. ಮಗಳು ಬಾವಿ ಎಲ್ಲಿದೆ ಎಂದು ಕೇಳತೊಡಗಿದಳು.

ಹತ್ತೂಕಾಲಿಗೆ ಚುಕ್ಕಿ ಮತ್ತೆ ಬಂತು. ಈ ಸಲ ಅಳಿಯಲಿಲ್ಲ. ಅಷ್ಟು ಜೋರಾದ ಕೂಗು ಆ ಬಿಲ್ಲೆಯಿಂದ ನಾನು ಎಂದೂ ಕೇಳಿರಲಿಲ್ಲ. ಜಾಗ ನೋಡಿದರೆ ಆಪರೇಶನ್ ಥಿಯೇಟರ್.

ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದೆವು. ದೊಡ್ಡ ದೀಪ ಧಗಧಗ ಉರಿಯುತ್ತಿತ್ತು. ಅದರ ಕೆಳಗೆ, ಟೇಬಲ್ಲಿನ ಮೇಲೆ, ಅಜ್ಜ ಕಂಬಳಿಯನ್ನು ಮಡಿಸಿ ತಲೆಗಿಟ್ಟುಕೊಂಡು, ಕೈ ಎರಡೂ ಎದೆಯ ಮೇಲಿಟ್ಟುಕೊಂಡು ಮಲಗಿದ್ದ.

ಮಗಳು ಅಳುತ್ತ ಅವನ ಕಾಲು ಹಿಡಿದಳು. ಡಾಕ್ಟರು ಏದುಸಿರು ಬಿಡುತ್ತ ಬಾಗಿಲಿಗೆ ಒರಗಿದರು. ಅಜ್ಜ ತಲೆ ಮಾತ್ರ ಎತ್ತಿ ಅವರನ್ನು ನೋಡಿದ.

“ಹತ್ತಕ್ಕ ಅಂದ್ರಿ. ಜಾಗ ಹುಡುಕ್ಯಾಡಿ ನಾನಽ ಬಂದು ಮಲಗೇನಿ. ನೋಡಿದ್ರ ಇಡೀ ದವಾಖಾನ್ಯಾಗ ಒಬ್ಬರೂ ಇಲ್ಲ.”

ಆಮೇಲೆ ಮುಂಗೈಯ ಪಟ್ಟಿ ಬಿಚ್ಚಿ ನನ್ನತ್ತ ಚಾಚಿದ. “ತಗೋ ತಂಗಿ, ಇದನ್ನ ಡಾಕ್ಟರಿಗೆ ಕಟ್ಟು. ಕಳದು ಹೋದಾವ್ರು ಅವರು.”