ಮೈಲಿಗೆ ವಿಳಾಸ, ಮಡಿ ಡ್ರೈವರ್

ಜಗತ್ತಿನ ಅರ್ಧ ಕಂಪ್ಯೂಟರುಗಳ ಹೊಟ್ಟೆಯೊಳಗೆ ಓಡುವ ಕರ್ನಲ್ ಎಂಬ ಮೂಲ ಪ್ರೋಗ್ರಾಂ ಬರೆದವನು ನಾನೇ. ಸುಳ್ಳು. ನಾನು ಬರೆದದ್ದು ಭದ್ರಾವತಿಯಲ್ಲಿ ಲಾರಿ ತೂಗುವ ಒಂದು ವೇಬ್ರಿಡ್ಜಿನ ಡ್ರೈವರ್ ಮಾತ್ರ. ಡ್ರೈವರ್ ಅಂದರೆ ಲಾರಿ ಓಡಿಸುವವನಲ್ಲ, ತೂಕದ ಯಂತ್ರ ಹೇಳಿದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವ ಪ್ರೋಗ್ರಾಂ. ಅಷ್ಟಕ್ಕೇ ಇಷ್ಟು ಫಜೀತಿ ಹುಟ್ಟಿತು. ಪೂರ್ತಿ ಕರ್ನಲ್ ಬರೆದಿದ್ದರೆ ಶಿವಮೊಗ್ಗ ತಡೆದುಕೊಳ್ಳುತ್ತಿರಲಿಲ್ಲ.

ನೀಲಿ ಗೇಟು

ವೇಬ್ರಿಡ್ಜಿನ ಮೇಲೆ ಲಾರಿ ಹತ್ತಿದಾಗಲೆಲ್ಲ ಕಂಪ್ಯೂಟರ್ ಕಲ್ಲಾಗುತ್ತಿತ್ತು. ಇನ್ನೊಂದು ಸಲ ನಿಂತರೆ ಯಂತ್ರ ಕಿತ್ತು ವಾಪಸ್ ಕಳಿಸುತ್ತೇನೆ ಅಂತ ವೇಬ್ರಿಡ್ಜಿನ ಯಜಮಾನರು ಹೇಳಿಬಿಟ್ಟಿದ್ದರು. ರವೀಂದ್ರನಗರದ ನಮ್ಮ ಪುಟ್ಟ ಆಫೀಸು ಮಾರಿದ ಮೊದಲ ಯಂತ್ರ ಅದು. ವಾಪಸ್ ಬಂದರೆ ಎರಡನೆಯದನ್ನು ಯಾರೂ ಕೊಳ್ಳುವುದಿಲ್ಲ.

ತಪ್ಪು ಇಷ್ಟೇ. ತೂಕವನ್ನು ಇಲ್ಲಿಡು ಅಂತ ಹೊರಗಿನ ಪ್ರೋಗ್ರಾಂ ಕಂಪ್ಯೂಟರಿನ ಮೆಮೊರಿಯಲ್ಲಿ ತನ್ನದೊಂದು ಜಾಗದ ವಿಳಾಸ ಕೊಡುತ್ತದೆ. ಕರ್ನಲ್ ಎಂಬ ಒಳಕೋಣೆಯಲ್ಲಿರುವ ನಮ್ಮ ಡ್ರೈವರ್ ಅದನ್ನು ತನ್ನದೇ ಮನೆಯ ವಿಳಾಸ ಅಂದುಕೊಂಡು ನುಗ್ಗುತ್ತಿತ್ತು. ಜೊತೆಗೆ ಕೆಲಸ ಮಾಡುವ ಹುಡುಗಿ, ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದಿ ಬಂದವಳು, ಇದನ್ನು ಒಪ್ಪಲಿಲ್ಲ. ವಿಳಾಸ ಅಂದ್ಮೇಲೆ ವಿಳಾಸ, ಒಳಗಿಂದೇನು ಹೊರಗಿಂದೇನು ಅಂದಳು. ನಾನು ವಾದಕ್ಕೆ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಫೋನ್ ಮಾಡಿ, ಎರಡನೇ ಕ್ರಾಸಿನ ನೀಲಿ ಗೇಟಿನ ಮನೆಯಿಂದ ಕೇಬಲ್ ತಗೊಂಡು ಬಾ ಅಂದೆ. ನನ್ನ ಮನಸ್ಸಿನಲ್ಲಿದ್ದದ್ದು ಆಫೀಸಿರುವ ರವೀಂದ್ರನಗರ, ಆದರೆ ಯಾವ ಬಡಾವಣೆ ಅಂತ ಬೇಕಂತಲೇ ಹೇಳಲಿಲ್ಲ.

ಅವಳ ಮನೆ ದುರ್ಗಿಗುಡಿ. ಅಲ್ಲಿನ ಎರಡನೇ ಕ್ರಾಸಿಗೇ ಹೋದಳು. ಅಲ್ಲೂ ಒಂದು ನೀಲಿ ಗೇಟು. ಆ ಮನೆಯವರು ಹೊಸ ಟ್ಯೂಷನ್ ಮಿಸ್ಸಿಗೆ ಕಾಯುತ್ತಿದ್ದರಂತೆ, ಬಾಯಿ ಬಿಡುವ ಮೊದಲೇ ಕೂರಿಸಿಬಿಟ್ಟರು. ಮಧ್ಯಾಹ್ನ ಆಫೀಸಿಗೆ ಬಂದವಳ ಕೈತುಂಬ ಸೀಮೆಸುಣ್ಣದ ಪುಡಿ.

"ಸಾರ್, ವಿಳಾಸ ಸರಿಯಾಗೇ ಇತ್ತು, ಮನೆ ಬೇರೆಯವರದು. ಸೋಮವಾರ ಬೀಜಗಣಿತ ಮುಂದುವರಿಸಬೇಕಂತೆ."

ನವಿಲು

ಆಮೇಲೆ ಪಾಠ ಸಲೀಸಾಯಿತು. ಕರ್ನಲ್ ಅಂದರೆ ಮಡಿಯುಟ್ಟ ನಮ್ಮಮ್ಮ ಅಂತ ಹೇಳಿದೆ. ಮಡಿಯಲ್ಲಿದ್ದಾಗ ಅಮ್ಮ ಹೆತ್ತ ಮಗನ ಕೈಯಿಂದಲೂ ಏನನ್ನೂ ನೇರವಾಗಿ ಇಸಿದುಕೊಳ್ಳುವುದಿಲ್ಲ. ಕೊಡುವುದಿರಲಿ, ತಗೊಳ್ಳುವುದಿರಲಿ, ನಡುವೆ ನೆಲದ ಮೇಲಿಟ್ಟೇ ಆಗಬೇಕು. ಡ್ರೈವರೂ ಹಾಗೇ. ಹೊರಗಿನ ವಿಳಾಸವನ್ನು ನೇರ ಮುಟ್ಟಕೂಡದು, ಸರಿಯಿದೆಯೇ ಅಂತ ನೋಡಿ, ನಕಲು ಮಾಡಿಯೇ ದಾಟಿಸಬೇಕು. ಹುಡುಗಿ ಹೊರಗಿನ ಒಂದೊಂದು ವಿಳಾಸದ ಹೆಸರಿಗೂ ಇಂಗ್ಲಿಷ್ ಅಕ್ಷರದಲ್ಲಿ 'ಮೈಲಿ' ಅಂತ ಅಂಟಿಸಿದಳು, ಮೈಲಿಗೆ ಅನ್ನುವ ಗುರುತಿಗೆ. ಇದಕ್ಕಿಂತ ಚೆಂದದ ಗುರುತು ಯಾವ ದೇಶದವರ ಕೋಡಿನಲ್ಲೂ ಇಲ್ಲ, ಪಂದ್ಯ ಕಟ್ಟುತ್ತೇನೆ.

ಭದ್ರಾವತಿಗೆ ಹೋದಾಗ ಯಜಮಾನರು ನನ್ನ ಲ್ಯಾಪ್‌ಟಾಪಿನೊಳಗೆ ಇಣುಕಿದರು. ಅವರ ಮನೆಮಾತು ತಮಿಳು, ಅದರಲ್ಲಿ ಮಯಿಲ್ ಅಂದರೆ ನವಿಲು.

"ಏನ್ ಸಾರ್, ನಾನ್ ಕೇಳಿದ್ದು ಲಾರಿ ತೂಕ. ಇದ್ರೊಳಗೆ ಇಷ್ಟೊಂದು ನವಿಲು ಯಾಕ್ ಬಿಟ್ಟಿದೀರ?"

ಕೆಂಪು ಬೋರ್ಡು

ಪರೀಕ್ಷೆಗೆ ಲೋಡ್ ಲಾರಿಯೇ ಬಂತು. ತೂಕ ಸರಿಯಾಗಿ ತೋರಿಸಿತು. ಅಲ್ಲಿಗೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ನಮ್ಮ ಕೆಲಸದ ಗಟ್ಟಿತನ ತೋರಿಸೋಣ ಅಂತ ಹೊರಗಿನ ಪ್ರೋಗ್ರಾಮಿನಿಂದ ಬೇಕಂತಲೇ ಅಡ್ಡಾದಿಡ್ಡಿ ವಿಳಾಸ ಕೊಡಿಸಿದೆ. ಮೊದಲಾಗಿದ್ದರೆ ಕಂಪ್ಯೂಟರ್ ಅಲ್ಲೇ ಮಲಗುತ್ತಿತ್ತು. ಈಗ ಡ್ರೈವರ್ ಅದನ್ನು ಮುಟ್ಟಲೇ ಇಲ್ಲ. ಲಾರಿಯವರಿಗೆ ತೂಕ ತೋರಿಸುವ ಹೊರಗಿನ ದೊಡ್ಡ ಬೋರ್ಡಿನಲ್ಲಿ ಕೆಂಪಗೆ 'ವಿಳಾಸ ಸರಿಯಿಲ್ಲ' ಅಂತ ಬಂತು. ನನ್ನ ಎದೆ ವೇಬ್ರಿಡ್ಜಿನಷ್ಟು ಅಗಲವಾಯಿತು.

ಲಾರಿಯಲ್ಲಿದ್ದ ಡ್ರೈವರೂ ಬೋರ್ಡ್ ಓದಿದ. ತಪ್ಪು ಜಾಗಕ್ಕೆ ಬಂದೆ ಅಂದುಕೊಂಡು, ನಮಗೊಂದು ನಮಸ್ಕಾರ ಹಾಕಿ, ಲೋಡ್ ಸಮೇತ ಗೇಟು ದಾಟಿ ಹೊರಟೇಹೋದ.

ಯಜಮಾನರು ರಸ್ತೆಯ ತನಕ ಓಡಿ, ಏದುಸಿರು ಬಿಡುತ್ತ ಒಬ್ಬರೇ ವಾಪಸ್ ಬಂದರು. ಕತೆ ಮುಗಿಯಿತು ಅಂತ ಹುಡುಗಿ ವೈರು ಸುತ್ತತೊಡಗಿದ್ದಳು. ಅವರು ಅವಳ ಕೈ ತಡೆದರು.

"ಇರ್ಲಿ ಬಿಡಮ್ಮ, ಯಂತ್ರ ನಿಲ್ಲಲಿಲ್ಲ, ಇಟ್ಕೋತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಮಾರಾಯ್ರೇ, ಲಾರಿ ನಿಲ್ಲೋದಕ್ಕೂ ಏನಾದ್ರೂ ಬರೀರಿ."

ಇದರಲ್ಲಿ ನಿಜ ಎಷ್ಟು ಅಂತ ಯೋಚಿಸುತ್ತ ಕೂರಬೇಡಿ, ಹಾಗೇ ಎದ್ದು ಈ ಹೋಟೆಲಿನವನಿಗೆ ನಿಮ್ಮದರ ಜೊತೆ ನನ್ನ ಟೀ ದುಡ್ಡೂ ಕೊಟ್ಟು ಬನ್ನಿ.